ಓಡಿದ ಗಂಟೆಗೆ ದುಡ್ಡು: ಕಾಫಿ ಸೀಸನ್ನಿನ ಲೆಕ್ಕ ಮತ್ತು ಕ್ಲೌಡ್ ಡೇಟಾ ವೇರ್‌ಹೌಸ್

ಫೆಬ್ರವರಿ ಕಳೆದರೂ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬೀಳದಿದ್ದರೆ ಕೊಡಗಿನ ರೊಬಸ್ಟಾ ತೋಟಗಳ ಕೆರೆದಂಡೆಗೆ ಡೀಸೆಲ್ ಪಂಪ್‌ಸೆಟ್ ಬಂದು ಕೂರುತ್ತದೆ. ಪೈಪ್ ಜೋಡಿಸಿ, ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ನೆಟ್ಟು ನೀರು ಹಾಯಿಸುವ ಆ ದಿನಗಳಲ್ಲಿ ತೋಟದವರ ಕಿವಿ ಇಂಜಿನ್ ಸದ್ದಿನ ಮೇಲೇ ಇರುತ್ತದೆ. ಜೆಟ್ ಎತ್ತಿ ಇನ್ನೊಂದು ಕಡೆ ಇಡುವಷ್ಟು ಹೊತ್ತು ಇಂಜಿನ್ ಸುಮ್ಮನೆ ಓಡಿದರೂ ಡೀಸೆಲ್ ಉರಿಯುತ್ತದೆ, ಬಾಡಿಗೆ ಏರುತ್ತದೆ. ಕೆರೆಯಲ್ಲಿ ಎಷ್ಟು ನೀರಿದೆ ಎನ್ನುವುದಕ್ಕೂ ಆ ಖರ್ಚಿಗೂ ಸಂಬಂಧವಿಲ್ಲ. ಎಷ್ಟು ಅಶ್ವಶಕ್ತಿಯ ಇಂಜಿನ್ ಎಷ್ಟು ಗಂಟೆ ಓಡಿತು ಎನ್ನುವುದೇ ಲೆಕ್ಕ.

ಕ್ಲೌಡ್ ಡೇಟಾ ವೇರ್‌ಹೌಸ್‌ನ, ಅಂದರೆ ಇಂಟರ್ನೆಟ್ಟಿನ ಮೂಲಕ ಬಾಡಿಗೆಗೆ ಸಿಗುವ ದೊಡ್ಡ ಡೇಟಾ ಸಂಗ್ರಹ ಮತ್ತು ಲೆಕ್ಕದ ವ್ಯವಸ್ಥೆಯ, ಬಿಲ್ಲೂ ಹೀಗೆಯೇ ಹುಟ್ಟುತ್ತದೆ. ಡೇಟಾ ಇಟ್ಟುಕೊಳ್ಳುವ ಜಾಗ ಬೇರೆ, ಅದನ್ನು ಓದಿ ಲೆಕ್ಕ ಹಾಕುವ ಯಂತ್ರಗಳು ಬೇರೆ. ಹಳೆಯ ಸರ್ವರ್‌ನಲ್ಲಿ ಇವೆರಡೂ ಒಂದೇ ಪೆಟ್ಟಿಗೆಯಲ್ಲಿದ್ದವು. ಒಮ್ಮೆ ಕೊಂಡರೆ ಹಗಲಿರುಳು ಓಡಿದರೂ ಖರ್ಚು ಹೆಚ್ಚುತ್ತಿರಲಿಲ್ಲ. ಕ್ಲೌಡಿನಲ್ಲಿ ಜಾಗದ ಬಾಡಿಗೆ ಅಗ್ಗ, ಯಂತ್ರದ ಬಾಡಿಗೆ ದುಬಾರಿ. ಬಿಲ್ ಏರಿದಾಗ ಹಳೆಯ ಡೇಟಾ ಅಳಿಸಲು ಹೊರಡುವವರು ಬಹಳ. ಅಲ್ಲಿ ಉಳಿಯುವುದು ಚಿಲ್ಲರೆ. ಯಂತ್ರ ಯಾವಾಗ ಓಡುತ್ತದೆ, ಯಾರು ಓಡಿಸುತ್ತಾರೆ, ಯಾವಾಗ ನಿಲ್ಲುತ್ತದೆ ಎಂದು ನೋಡುವುದರಲ್ಲೇ ನಿಜವಾದ ಉಳಿತಾಯವಿದೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಹಿಡಿಯೋಣ. ಕುಶಾಲನಗರದಲ್ಲಿ ಒಂದು ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಇದೆ ಅಂದುಕೊಳ್ಳಿ. ಸುಂಟಿಕೊಪ್ಪ, ಸಿದ್ದಾಪುರ, ಗೋಣಿಕೊಪ್ಪಲು, ನಾಪೋಕ್ಲು, ಶನಿವಾರಸಂತೆಗಳಲ್ಲಿ ಅದರ ಖರೀದಿ ಡಿಪೊಗಳಿವೆ. ಡ್ರೈಯರ್‌ನ ಬಿಸಿ, ಗೋದಾಮಿನ ತೇವ, ಹಾಪರ್‌ನ ತೂಕ, ಬ್ಲೋವರ್ ಮೋಟಾರಿನ ಕರೆಂಟು ಎಂದು ಎಲ್ಲ ಕಡೆ ಸೇರಿ 50 ಸೆನ್ಸರ್. ಒಂದೊಂದೂ ಸೆಕೆಂಡಿಗೊಂದು ಅಳತೆ ಕಳಿಸುತ್ತದೆ. ದಿನಕ್ಕೆ 86,400 ಸೆಕೆಂಡ್. ಅಲ್ಲಿಗೆ ದಿನಕ್ಕೆ 43.2 ಲಕ್ಷ ಸಾಲು, 120 ದಿನದ ಸೀಸನ್ನಿಗೆ 51.84 ಕೋಟಿ ಸಾಲು. ಜೊತೆಗೆ ಖರೀದಿ ಚೀಟಿಗಳು: ಬೆಳೆಗಾರರ ಸಂಖ್ಯೆ, ಚೆರಿಯೋ (ಹಣ್ಣಿನ ಸಮೇತ ಒಣಗಿಸಿದ್ದು) ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ್ದು), ಮೂಟೆ, ತೂಕ, ತೇವಾಂಶ, ಔಟ್‌ಟರ್ನ್ (ಕೊನೆಗೆ ಸಿಗುವ ಶುದ್ಧ ಬೀಜದ ಪ್ರಮಾಣ). ಸೀಸನ್ನಿಗೆ 2 ಲಕ್ಷ ಚೀಟಿ ಎಂದಿಟ್ಟುಕೊಳ್ಳಿ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ನಿಮ್ಮಲ್ಲಿರುವುದು ಚೀಟಿಗಳು ಮಾತ್ರವಾದರೆ ಕ್ಲೌಡ್ ವೇರ್‌ಹೌಸ್ ಬೇಡ. 2 ಲಕ್ಷ ಸಾಲನ್ನು ಆಫೀಸಿನ ಒಂದು ಸಾಧಾರಣ ಕಂಪ್ಯೂಟರಿನ ಮೇಲೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕಣ್ಣು ಮಿಟುಕಿಸುವುದರೊಳಗೆ ಕೂಡಿಸಿ ಕೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ಡಕ್‌ಡಿಬಿ ಎಂಬ ಚಿಕ್ಕ ಡೇಟಾಬೇಸ್ ಹಾಕಿಕೊಂಡರೂ ಸಾಕು. ಹತ್ತಾರು ಕೋಟಿ ಸಾಲು, ಹತ್ತಾರು ಜನ ಒಟ್ಟಿಗೆ ನೋಡುವ ವರದಿ, ನಾಲ್ಕು ತಿಂಗಳು ಭರ್ತಿ ಕೆಲಸ ಮತ್ತು ಎಂಟು ತಿಂಗಳು ನಿಧಾನ, ಈ ಮೂರೂ ಸೇರಿದಾಗ ಕ್ಲೌಡಿಗೆ ಅರ್ಥ ಬರುತ್ತದೆ. ಅರೇಬಿಕಾ ಕುಯ್ಲು ನವೆಂಬರಿನ ಹೊತ್ತಿಗೆ ಶುರುವಾಗಿ ರೊಬಸ್ಟಾ ಮಾರ್ಚಿನ ತನಕ ನಡೆಯುವ ನಮ್ಮ ಜಿಲ್ಲೆಯ ಕೆಲಸಕ್ಕೆ ಆ ಮೂರನೆಯ ಗುಣವಂತೂ ಹೇಳಿ ಮಾಡಿಸಿದಂತಿದೆ.

ಎರಡು ಬಗೆಯ ಮೀಟರ್

ಬಾಡಿಗೆ ಕಟ್ಟುವ ಕ್ರಮ ಮುಖ್ಯವಾಗಿ ಎರಡು. ಒಂದು, ಕ್ವೆರಿ (ಡೇಟಾಕ್ಕೆ ಕೇಳುವ ಪ್ರಶ್ನೆ) ಎಷ್ಟು ಡೇಟಾ ಓದಿತು ಎಂದು ಅಳೆಯುವುದು. ಗೂಗಲ್‌ನ ಬಿಗ್‌ಕ್ವೆರಿ ಎಂಬ ವೇರ್‌ಹೌಸಿನ ಆನ್-ಡಿಮ್ಯಾಂಡ್ ದರ ಹೀಗೆ. ಇನ್ನೊಂದು, ಯಂತ್ರ ಎಷ್ಟು ಹೊತ್ತು ಎಚ್ಚರವಿತ್ತು ಎಂದು ಅಳೆಯುವುದು. ಸ್ನೋಫ್ಲೇಕ್ ಎಂಬ ಇನ್ನೊಂದು ಕಂಪನಿಯ ವೇರ್‌ಹೌಸ್ ನಡೆಯುವುದು ಹೀಗೆ. ಯಾವ ಮೀಟರ್ ಎಂದು ತಿಳಿಯದೆ ಉಳಿತಾಯದ ಉಪಾಯ ಹುಡುಕಿದರೆ ಎಡವುತ್ತೀರಿ, ಏಕೆಂದರೆ ಒಂದೇ ತಪ್ಪು ಎರಡು ಕಡೆ ಎರಡು ಬೆಲೆಗೆ ಬೀಳುತ್ತದೆ. ಚೀಟಿಯ ಟೇಬಲ್ಲನ್ನು 5,000 ಬೆಳೆಗಾರರ ಟೇಬಲ್ಲಿಗೆ ಜೋಡಿಸುವಾಗ ಜೋಡಿಸುವ ಷರತ್ತೇ ಮರೆತುಹೋಯಿತು ಅನ್ನಿ. 2 ಲಕ್ಷ ಗುಣಿಸು 5,000, ಅಂದರೆ 100 ಕೋಟಿ ಸಾಲು ಹುಟ್ಟುತ್ತದೆ. ಓದಿದ್ದಕ್ಕೆ ಬಾಡಿಗೆ ಇರುವಲ್ಲಿ ಇದಕ್ಕೆ ಬೀಳುವುದು ಪೈಸೆ, ಓದಿದ್ದು ಎರಡು ಪುಟ್ಟ ಟೇಬಲ್ ತಾನೆ. ಹೊತ್ತಿಗೆ ಬಾಡಿಗೆ ಇರುವಲ್ಲಿ ಆ 100 ಕೋಟಿ ಸಾಲು ಕಟ್ಟುವಷ್ಟು ಹೊತ್ತೂ ಮೀಟರ್ ತಿರುಗುತ್ತದೆ.

ಓದಿದ ಡೇಟಾದ ಲೆಕ್ಕ

ಬಿಗ್‌ಕ್ವೆರಿಯ ಆನ್-ಡಿಮ್ಯಾಂಡ್ ದರ ಅಮೆರಿಕದ ಪ್ರದೇಶದಲ್ಲಿ ಒಂದು ಟೆಬಿಬೈಟಿಗೆ (ಸುಮಾರು 1,100 ಗಿಗಾಬೈಟಿಗೆ) 6.25 ಡಾಲರ್. 2023ರ ಜುಲೈಗೆ ಮುಂಚೆ ಅದು 5 ಡಾಲರ್ ಇತ್ತು. ಪ್ರದೇಶದಿಂದ ಪ್ರದೇಶಕ್ಕೆ ದರ ಬೇರೆ, ಆದ್ದರಿಂದ ಮುಂಬೈ ಆರಿಸಿದವರು ಅಲ್ಲಿನ ದರ ಹಾಕಿ ಗುಣಿಸಿಕೊಳ್ಳಬೇಕು. ತಿಂಗಳ ಮೊದಲ ಒಂದು ಟೆಬಿಬೈಟ್ ಪುಕ್ಕಟೆ.

ಇಲ್ಲಿ ಡೇಟಾ ಕಾಲಂ ಕಾಲಂ ಆಗಿ ಬೇರೆಬೇರೆ ಇರುತ್ತದೆ. ಕೇಳಿದ ಕಾಲಂ ಮಾತ್ರ ಓದುತ್ತದೆ, ಆದರೆ ಕೇಳಿದ ಕಾಲಂ ಅನ್ನು ಪೂರ್ತಿ ಓದುತ್ತದೆ. ‘ಹತ್ತು ಸಾಲು ಸಾಕು’ ಎಂದು ಕೊನೆಯಲ್ಲಿ ಲಿಮಿಟ್ ಹಾಕಿದರೂ ಸಾಮಾನ್ಯ ಟೇಬಲ್ಲಿನಲ್ಲಿ ಬಿಲ್ ಒಂದು ಪೈಸೆ ಇಳಿಯುವುದಿಲ್ಲ. ಟೇಬಲ್ ಹೇಗಿದೆ ಎಂದು ಇಣುಕಲು ‘ಸೆಲೆಕ್ಟ್ ಸ್ಟಾರ್’ (ಎಲ್ಲ ಕಾಲಂ ಕೊಡು ಎಂಬ ಕ್ವೆರಿ) ಬರೆಯುವ ಅಭ್ಯಾಸ ಇದ್ದವರು ಅದನ್ನು ಬಿಟ್ಟು, ಟೇಬಲ್ಲಿನ ಪ್ರಿವ್ಯೂ ಟ್ಯಾಬ್ ಒತ್ತಲಿ. ಅದಕ್ಕೆ ದುಡ್ಡಿಲ್ಲ.

ಈಗ ನಮ್ಮ ಸೆನ್ಸರ್ ಟೇಬಲ್ಲಿಗೆ ಬನ್ನಿ. ದಿನಾಂಕ, ಹೊತ್ತು, ಸೆನ್ಸರ್ ಸಂಖ್ಯೆ, ಅಳತೆ, ಹೀಗೆ ನಾಲ್ಕು ಕಾಲಂ; ಒಂದೊಂದಕ್ಕೆ 8 ಬೈಟ್, ಸಾಲಿಗೆ 32 ಬೈಟ್. ಸೀಸನ್ ಮುಗಿಯುವ ಹೊತ್ತಿಗೆ ಟೇಬಲ್ ಸುಮಾರು 16.6 ಗಿಗಾಬೈಟ್ ಆಗುತ್ತದೆ. ಏನೂ ದೊಡ್ಡದಲ್ಲ, ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಈ ಟೇಬಲ್ಲಿನ ಮೇಲೆ ‘ಇವತ್ತಿನ ಡ್ರೈಯರ್ ಬಿಸಿ’ ತೋರಿಸುವ ಡ್ಯಾಶ್‌ಬೋರ್ಡ್ ಒಂದಿದೆ. 5 ನಿಮಿಷಕ್ಕೊಮ್ಮೆ ತಾನಾಗಿ ಹೊಸದಾಗುತ್ತದೆ. 30 ದಿನಕ್ಕೆ 8,640 ಸಲ. ಪ್ರತಿ ಸಲವೂ ಇಡೀ ಟೇಬಲ್ ಓದಿದರೆ ತಿಂಗಳಿಗೆ 130 ಟೆಬಿಬೈಟ್. ಪುಕ್ಕಟೆಯ ಒಂದನ್ನು ಕಳೆದರೆ ಸುಮಾರು 808 ಡಾಲರ್. ಗೋಡೆಯ ಮೇಲಿನ ಒಂದೇ ಒಂದು ಪರದೆಗೆ ಇಷ್ಟು ಖರ್ಚು, ಅದೂ ಅರ್ಧ ಹೊತ್ತು ಯಾರೂ ನೋಡದ ಪರದೆಗೆ.

ಇದೇ ಟೇಬಲ್ಲನ್ನು ದಿನಾಂಕದ ಮೇಲೆ ಪಾರ್ಟಿಷನ್ ಮಾಡಿ. ದಿನಕ್ಕೊಂದು ಖಾನೆಯಾಗಿ ಡೇಟಾ ಬೇರೆಯಾಗುತ್ತದೆ. ಗೋದಾಮಿನಲ್ಲಿ ಮೂಟೆಗಳನ್ನು ಲಾಟ್ ಲಾಟ್ ಆಗಿ ಪೇರಿಸಿ ಚೀಟಿ ಸಿಕ್ಕಿಸಿದಂತೆ. ಬೇಕಾದ ಲಾಟ್ ಮಾತ್ರ ಬಿಚ್ಚಿದರೆ ಆಯಿತು. ಇವತ್ತಿನ ಖಾನೆ ತುಂಬಿದರೂ 138 ಮೆಗಾಬೈಟ್. 8,640 ಸಲ ಓದಿದರೆ 1.09 ಟೆಬಿಬೈಟ್, ಪುಕ್ಕಟೆ ಕಳೆದರೆ ಉಳಿಯುವುದು ಅರ್ಧ ಡಾಲರಿನ ಆಸುಪಾಸು. ಯಂತ್ರ, ಪರದೆ, ಡೇಟಾ ಯಾವುದೂ ಬದಲಾಗಿಲ್ಲ, 808 ಡಾಲರ್ ಅರ್ಧ ಡಾಲರ್ ಆಯಿತು. ಟೇಬಲ್ ಕಟ್ಟುವಾಗಲೇ ‘ಪಾರ್ಟಿಷನ್ ಫಿಲ್ಟರ್ ಕಡ್ಡಾಯ’ ಎಂಬ ಆಯ್ಕೆಯನ್ನೂ ಒತ್ತಿಬಿಡಿ. ದಿನಾಂಕ ಹೇಳದೆ ಕೇಳಿದ ಕ್ವೆರಿಯನ್ನು ಅದು ಓಡಲು ಬಿಡುವುದೇ ಇಲ್ಲ.

ಇಲ್ಲೊಂದು ತೊಡಕಿದೆ, ಭಾರತದಲ್ಲಿ ಕೆಲಸ ಮಾಡುವವರೆಲ್ಲ ಒಮ್ಮೆಯಾದರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. ಹೊತ್ತಿನ ಕಾಲಂ ಮೇಲೆ ನೇರವಾಗಿ ಪಾರ್ಟಿಷನ್ ಮಾಡಿದರೆ ದಿನ ಬದಲಾಗುವುದು ಯುಟಿಸಿಯ (ಜಾಗತಿಕ ಕಾಲಮಾನದ) ನಡುರಾತ್ರಿಗೆ, ಅಂದರೆ ನಮ್ಮ ಬೆಳಗಿನ ಜಾವ 5:30ಕ್ಕೆ. ರಾತ್ರಿ ಪಾಳಿಯಲ್ಲಿ ಒಂದು ಗಂಟೆಗೆ ಡ್ರೈಯರ್ ಕೆಟ್ಟರೆ ಆ ಸಾಲು ನಿನ್ನೆಯ ಖಾನೆಯಲ್ಲಿ ಕೂತಿರುತ್ತದೆ. ಇವತ್ತಿನ ಖಾನೆ ಮಾತ್ರ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಎರಡೂ ಖಾನೆ ನೋಡಿದರೆ ಓದು ಎರಡು ಪಟ್ಟು. ಡೇಟಾ ಹಾಕುವಾಗಲೇ ಭಾರತೀಯ ಕಾಲಮಾನದ ದಿನಾಂಕವನ್ನು ಬೇರೆ ಕಾಲಂ ಮಾಡಿ, ಪಾರ್ಟಿಷನ್ನನ್ನು ಅದರ ಮೇಲೆ ಇಡಬೇಕು. ಮೇಲೆ ಹೊತ್ತಿನ ಜೊತೆಗೆ ದಿನಾಂಕಕ್ಕೂ ಒಂದು ಕಾಲಂ ಇಟ್ಟದ್ದು ಇದಕ್ಕೇ.

ಇನ್ನೊಂದು, ಕನ್ನಡದಲ್ಲಿ ಡೇಟಾ ಇಡುವವರಿಗೇ ಬರುವ ಲೆಕ್ಕ. ಪಠ್ಯದ ಪ್ರತಿ ಕೋಶಕ್ಕೆ ಬಿಗ್‌ಕ್ವೆರಿ 2 ಬೈಟ್ ಮತ್ತು ಅದರ ಯುಟಿಎಫ್-8 (ಅಕ್ಷರಗಳನ್ನು ಬೈಟಾಗಿ ಬರೆಯುವ ಕ್ರಮ) ಬೈಟುಗಳನ್ನು ಎಣಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ 3. ‘ಶನಿವಾರಸಂತೆ’ ಎಂಬ ಪದದಲ್ಲಿ ಅಕ್ಷರ, ಗುಣಿತದ ಚಿಹ್ನೆ, ಅನುಸ್ವಾರ ಎಲ್ಲ ಸೇರಿ 10 ಚಿಹ್ನೆ. 30ಕ್ಕೆ 2 ಸೇರಿದರೆ 32 ಬೈಟ್. ಊರ ಹೆಸರೊಂದೇ ಉಳಿದ ನಾಲ್ಕು ಕಾಲಂಗಳಷ್ಟು ತೂಗುತ್ತದೆ! ಪ್ರತಿ ಸೆನ್ಸರ್ ಸಾಲಿನಲ್ಲೂ ಊರ ಹೆಸರು ಬರೆದು ಕೋಟಿಗಟ್ಟಲೆ ಸಲ ಓದಿಸಬೇಡಿ. ಡಿಪೊಗೊಂದು ಸಂಖ್ಯೆ ಕೊಟ್ಟು, ಹೆಸರನ್ನು ಐದಾರು ಸಾಲಿನ ಚಿಕ್ಕ ಟೇಬಲ್ಲಿನಲ್ಲಿಟ್ಟು ಕೊನೆಗೆ ಜೋಡಿಸಿಕೊಳ್ಳಿ. ಹೆಸರನ್ನೇ ಕೀಲಿ (ಟೇಬಲ್ಲುಗಳನ್ನು ಜೋಡಿಸುವ ಗುರುತು) ಮಾಡಿಕೊಳ್ಳಬಾರದು ಎನ್ನಲು ಇನ್ನೊಂದು ಕಾರಣವೂ ಇದೆ: ‘ಗೋಣಿಕೊಪ್ಪಲು’ವಿನ ‘ಗೋ’ವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯ ಗುಣಿತವಾಗಿಯೂ ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಜೋಡಣೆ ತಪ್ಪಿ ಒಂದು ಡಿಪೊದ ಅರ್ಧ ಚೀಟಿ ಲೆಕ್ಕದಿಂದ ಮಾಯವಾಗುತ್ತದೆ. ಪಠ್ಯ ಒಳಗೆ ಬರುವಾಗಲೇ ನಾರ್ಮಲೈಸ್ ಮಾಡಿಸಿದರೆ, ಅಂದರೆ ಒಂದೇ ರೂಪಕ್ಕೆ ತಂದರೆ, ಈ ಕಾಟ ತಪ್ಪುತ್ತದೆ.

ಕ್ಯಾಶ್ (ಹಿಂದಿನ ಉತ್ತರಗಳ ತಾತ್ಕಾಲಿಕ ಸಂಗ್ರಹ) ಇದೆಯಲ್ಲ ಎಂದು ಕೇಳಬಹುದು. ಹೌದು, ಅದೇ ಕ್ವೆರಿಯನ್ನು 24 ಗಂಟೆಯೊಳಗೆ ಮತ್ತೆ ಕೇಳಿದರೆ ಹಳೆಯ ಉತ್ತರ ಪುಕ್ಕಟೆ ಸಿಗುತ್ತದೆ. ಆದರೆ ಟೇಬಲ್ ಬದಲಾಗಿರಬಾರದು, ಕ್ವೆರಿಯೊಳಗೆ ‘ಈ ಕ್ಷಣದ ಹೊತ್ತು’ ಕೇಳುವ ಫಂಕ್ಷನ್ ಇರಬಾರದು. ಸೆಕೆಂಡ್ ಸೆಕೆಂಡಿಗೂ ಸಾಲು ಬಂದು ಬೀಳುವ ಟೇಬಲ್ಲಿಗೆ ಅದರ ಉಪಯೋಗವಿಲ್ಲ. ಇದಕ್ಕಿಂತ ಗಟ್ಟಿಯಾದ ದಾರಿ ಸಾರಾಂಶದ ಟೇಬಲ್: ಪ್ರತಿ ಗಂಟೆಯ ಕೊನೆಗೆ ಸೆನ್ಸರಿಗೊಂದು ಸರಾಸರಿ, ಕನಿಷ್ಠ, ಗರಿಷ್ಠ ಬರೆದಿಡುವುದು. ದಿನದ 43.2 ಲಕ್ಷ ಸಾಲು 1,200 ಸಾಲಿಗೆ ಇಳಿಯುತ್ತದೆ. ನಿನ್ನೆ ಮೊನ್ನೆಯ ವರದಿಗಳೆಲ್ಲ ಅದರ ಮೇಲೇ ಓಡಲಿ. ತೋಟದವರು ಮಳೆಯನ್ನು ಇಂಚು ಸೆಂಟಿನಲ್ಲಿ ಬರೆಯುತ್ತಾರೆ, ಸರ್ಕಾರಿ ಮಳೆಮಾಪಕ ಮಿಲಿಮೀಟರಿನಲ್ಲಿ ಕೊಡುತ್ತದೆ. ಇಂಥ ಪರಿವರ್ತನೆಗಳೂ ಒಳಗೆ ಬರುವಾಗ ಒಂದೇ ಸಲ ಆಗಬೇಕು, ಪ್ರತಿ ಕ್ವೆರಿಯಲ್ಲಿ 25.4ರಿಂದ ಗುಣಿಸುತ್ತ ಕೂರಬಾರದು.

ಓದುವುದು ತೀರಾ ಹೆಚ್ಚಾದರೆ ಬಿಗ್‌ಕ್ವೆರಿಯಲ್ಲೂ ಹೊತ್ತಿನ ಮೀಟರಿಗೆ ಹೋಗಬಹುದು. ಅಲ್ಲಿ ಲೆಕ್ಕ ಹಾಕುವ ಶಕ್ತಿಯ ಘಟಕದ ಹೆಸರು ಸ್ಲಾಟ್. ಸ್ಟ್ಯಾಂಡರ್ಡ್ ಎಡಿಷನ್ನಿನಲ್ಲಿ (ಮೂಲ ದರ್ಜೆಯಲ್ಲಿ) ಒಂದು ಸ್ಲಾಟ್-ಗಂಟೆಗೆ ಅಮೆರಿಕದಲ್ಲಿ 0.04 ಡಾಲರ್. 6.25ನ್ನು 0.04ರಿಂದ ಭಾಗಿಸಿದರೆ 156: ನಿಮ್ಮ ಕ್ವೆರಿಗಳು ಒಂದು ಟೆಬಿಬೈಟ್ ಓದಲು 156 ಸ್ಲಾಟ್-ಗಂಟೆಗಿಂತ ಸಾಕಷ್ಟು ಕಡಿಮೆ ಬಳಸುತ್ತಿದ್ದರೆ ಸ್ಲಾಟ್ ಲಾಭ. ‘ಸಾಕಷ್ಟು’ ಎಂದದ್ದೇಕೆಂದರೆ, ಸ್ಲಾಟ್ 50ರ ಗುಂಪಿನಲ್ಲಿ ಏರುತ್ತದೆ, ಏರಿದ್ದು ಕನಿಷ್ಠ ಒಂದು ನಿಮಿಷ ಇರುತ್ತದೆ, ಮತ್ತು ಬಿಲ್ ಏರಿದ ಸ್ಲಾಟಿಗೆ ಬರುತ್ತದೆ, ಬಳಸಿದ್ದಕ್ಕಲ್ಲ. ಮೇಲಿನ ಎಡಿಷನ್‌ಗಳಲ್ಲಿ ಬೇಸ್‌ಲೈನ್ ಎಂದು ಸದಾ ಸಿದ್ಧವಾಗಿ ಇಟ್ಟ ಸ್ಲಾಟ್‌ಗಳಿಗಂತೂ ಹಗಲಿರುಳು ಬಾಡಿಗೆ. ಕಾಫಿಯಂಥ ಸೀಸನ್ ಕೆಲಸಕ್ಕೆ ಬೇಸ್‌ಲೈನ್ ಸೊನ್ನೆ ಇಡುವುದೇ ಸರಿ.

ಓಡಿದ ಹೊತ್ತಿನ ಲೆಕ್ಕ

ಸ್ನೋಫ್ಲೇಕಿನಲ್ಲಿ ‘ವೇರ್‌ಹೌಸ್’ ಅಂದರೆ ಗೋದಾಮು ಅಲ್ಲ, ಲೆಕ್ಕ ಹಾಕುವ ಯಂತ್ರಗಳ ಗುಂಪು. ಕಾಫಿ ಗೋದಾಮನ್ನು ವೇರ್‌ಹೌಸ್ ಎಂದು ಕರೆದು ರೂಢಿಯಿರುವ ಕಡೆ ಇದು ಗೊಂದಲ ಹುಟ್ಟಿಸುತ್ತದೆ, ಆದ್ದರಿಂದ ಇಲ್ಲಿ ಯಂತ್ರ ಎಂದೇ ಕರೆಯುತ್ತೇವೆ. ಅತಿ ಚಿಕ್ಕ ಯಂತ್ರ, ಎಕ್ಸ್-ಸ್ಮಾಲ್, ಗಂಟೆಗೆ 1 ಕ್ರೆಡಿಟ್ (ಸ್ನೋಫ್ಲೇಕಿನ ಬಿಲ್ಲಿನ ಘಟಕ) ತಿನ್ನುತ್ತದೆ. ಸ್ಮಾಲ್ 2, ಮೀಡಿಯಂ 4, ಲಾರ್ಜ್ 8, ಹೀಗೆ ಮೆಟ್ಟಿಲಿಗೆ ಎರಡು ಪಟ್ಟು. ಸ್ಟ್ಯಾಂಡರ್ಡ್ ಎಡಿಷನ್ನಿನ ಒಂದು ಕ್ರೆಡಿಟ್ ಅಮೆರಿಕದ ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಪ್ರದೇಶಗಳಲ್ಲಿ 2 ಡಾಲರ್. ಎಣಿಕೆ ಸೆಕೆಂಡಿನಲ್ಲಿ, ಆದರೆ ಯಂತ್ರ ಎದ್ದಾಗಲೆಲ್ಲ ಕನಿಷ್ಠ 60 ಸೆಕೆಂಡಿನ ದುಡ್ಡು.

ಕ್ವೆರಿ ಮುಗಿದ ಮೇಲೆ ಯಂತ್ರ ಎಷ್ಟು ಹೊತ್ತು ಕಾದು ಮಲಗಬೇಕು ಎನ್ನುವ ಆಯ್ಕೆಗೆ ಆಟೋ-ಸಸ್ಪೆಂಡ್ ಎಂದು ಹೆಸರು. ಏನೂ ಹೇಳದೆ ಆಜ್ಞೆ ಬರೆದು ಯಂತ್ರ ಹುಟ್ಟಿಸಿದರೆ ಅದು 600 ಸೆಕೆಂಡ್ ಇರುತ್ತದೆ. ಈಗ ಅದೇ 5 ನಿಮಿಷದ ಡ್ಯಾಶ್‌ಬೋರ್ಡನ್ನು ಇಲ್ಲಿ ಇಡಿ. ಕ್ವೆರಿ 5 ಸೆಕೆಂಡಿನಲ್ಲಿ ಮುಗಿಯುತ್ತದೆ, ಯಂತ್ರ 10 ನಿಮಿಷ ಕಾಯಲು ಕೂರುತ್ತದೆ, 5ನೇ ನಿಮಿಷಕ್ಕೆ ಮುಂದಿನ ಕ್ವೆರಿ ಬಂದುಬಿಡುತ್ತದೆ. ಯಂತ್ರ ಮಲಗುವುದೇ ಇಲ್ಲ. ದಿನಕ್ಕೆ 24 ಕ್ರೆಡಿಟ್, ತಿಂಗಳಿಗೆ 720, ಅಂದರೆ 1,440 ಡಾಲರ್. ಅದರಲ್ಲಿ ನಿಜವಾದ ಕೆಲಸ ಗಂಟೆಗೆ ಒಂದೇ ಒಂದು ನಿಮಿಷ.

ಆಟೋ-ಸಸ್ಪೆಂಡನ್ನು 60 ಸೆಕೆಂಡ್ ಮಾಡಿ. ಪ್ರತಿ ಸಲಕ್ಕೆ 65 ಸೆಕೆಂಡ್, ಗಂಟೆಗೆ 12 ಸಲ, 780 ಸೆಕೆಂಡ್. ತಿಂಗಳಿಗೆ 156 ಕ್ರೆಡಿಟ್, 312 ಡಾಲರ್. ಡ್ಯಾಶ್‌ಬೋರ್ಡನ್ನು 15 ನಿಮಿಷಕ್ಕೊಮ್ಮೆ ಹೊಸದು ಮಾಡಿದರೆ 52 ಕ್ರೆಡಿಟ್, 104 ಡಾಲರ್. ಬೆಳಿಗ್ಗೆ 6ರಿಂದ ರಾತ್ರಿ 8ರ ತನಕ ಮಾತ್ರ ಸಾಕು ಎಂದರೆ 30 ಕ್ರೆಡಿಟ್, 60 ಡಾಲರಿನ ಹತ್ತಿರ. ಇಲ್ಲಿ ಕೇಳಬೇಕಾದ ಪ್ರಶ್ನೆ ತಂತ್ರಜ್ಞಾನದ್ದಲ್ಲ: ಆ ಅಂಕಿ ನೋಡಿ ಯಾರಾದರೂ ಏನಾದರೂ ಮಾಡುತ್ತಾರೆಯೇ? ಡ್ರೈಯರ್ ಬಿಸಿ ಮಿತಿ ಮೀರಿದರೆ ಐದು ನಿಮಿಷ ಕಾಯುವುದೂ ತಪ್ಪು, ಅಲ್ಲಿ ಡ್ರೈಯರಿನ ಪಕ್ಕದಲ್ಲೇ ಅಲಾರಂ ಬೇಕು, ವೇರ್‌ಹೌಸ್ ಅಲ್ಲ. ಡಿಪೊಗಳಲ್ಲಿ ಇಂದು ಎಷ್ಟು ಮೂಟೆ ಬಂತು ಎನ್ನುವುದಕ್ಕೆ ಗಂಟೆಗೊಮ್ಮೆ ನೋಡಿದರೂ ಯಾರಿಗೂ ನಷ್ಟವಿಲ್ಲ.

ಹಾಗೆಂದು ಆಟೋ-ಸಸ್ಪೆಂಡನ್ನು ಇನ್ನೂ ಹಿಂಡಿ 10 ಸೆಕೆಂಡ್ ಮಾಡಬೇಡಿ. ಒಂದು ನಿಮಿಷದೊಳಗೆ ಯಂತ್ರ ಎರಡು ಸಲ ಎದ್ದರೆ 60 ಸೆಕೆಂಡಿನ ದುಡ್ಡು ಎರಡು ಸಲ ಬೀಳುತ್ತದೆ. ಜೊತೆಗೆ, ಮಲಗಿದ ಯಂತ್ರ ತನ್ನ ಬಳಿ ಇಟ್ಟುಕೊಂಡಿದ್ದ ಡೇಟಾವನ್ನು ಮರೆಯುತ್ತದೆ. ಎದ್ದ ಮೇಲೆ ಮೊದಲ ಕ್ವೆರಿ ಮತ್ತೆ ದೂರದಿಂದ ಓದಿ ತರಬೇಕು. ಯಾರಾದರೂ ಕೂತು ಸಾಲುಸಾಲಾಗಿ ಕ್ವೆರಿ ಬರೆಯುವ ಯಂತ್ರಕ್ಕೆ 5 ನಿಮಿಷ, ರಾತ್ರಿ ತಾನಾಗಿ ಓಡುವ ಕೆಲಸದ ಯಂತ್ರಕ್ಕೆ 60 ಸೆಕೆಂಡ್, ಇದು ಒಳ್ಳೆಯ ಆರಂಭ.

ದೊಡ್ಡ ಇಂಜಿನ್ನೋ, ಎರಡು ಇಂಜಿನ್ನೋ

ವರದಿ ನಿಧಾನ ಎಂದ ಕೂಡಲೆ ದೊಡ್ಡ ಯಂತ್ರಕ್ಕೆ ಹಾರುವುದು ವಾಡಿಕೆ. ಕೆಲವೊಮ್ಮೆ ಅದೇ ಸರಿ, ದುಡ್ಡೂ ಉಳಿಯುತ್ತದೆ. ತಿಂಗಳ ಕೊನೆಯ ವರದಿ ಎಕ್ಸ್-ಸ್ಮಾಲಿನಲ್ಲಿ 40 ನಿಮಿಷ ತೆಗೆದುಕೊಂಡರೆ 0.67 ಕ್ರೆಡಿಟ್. ಸ್ಮಾಲಿನಲ್ಲಿ 20 ನಿಮಿಷಕ್ಕೆ ಮುಗಿದರೂ 0.67, ಮೀಡಿಯಂನಲ್ಲಿ 10 ನಿಮಿಷಕ್ಕೆ ಮುಗಿದರೂ 0.67. ಖರ್ಚು ಅಷ್ಟೇ, ಅರ್ಧ ಗಂಟೆ ಲಾಭ. ಲಾರ್ಜಿಗೆ ಹೋದಾಗ 5 ನಿಮಿಷದ ಬದಲು 8 ನಿಮಿಷ ಹಿಡಿದರೆ 1.07 ಕ್ರೆಡಿಟ್ ಆಯಿತು, ಅಂದರೆ ಕೆಲಸ ಇನ್ನು ಹಂಚಿಕೊಳ್ಳಲಾರದು. ಪೈಪಿನ ಅಗಲ ಅಷ್ಟೇ ಇರುವಾಗ ಇಂಜಿನ್ ಎಷ್ಟು ದೊಡ್ಡದಾದರೂ ಜೆಟ್ಟಿಗೆ ಬರುವ ನೀರು ಅಷ್ಟೇ. ಒಂದೊಂದೇ ಮೆಟ್ಟಿಲು ಏರಿಸಿ, ಹೊತ್ತು ಅರ್ಧಕ್ಕೆ ಇಳಿಯುವ ತನಕ ಮಾತ್ರ ಮುಂದೆ ಹೋಗಿ.

ದೊಡ್ಡ ಯಂತ್ರವೇ ಅಗ್ಗವಾಗುವ ಸಂದರ್ಭವೂ ಉಂಟು. ಯಂತ್ರದ ಮೆಮೊರಿ ಸಾಲದಿದ್ದರೆ ಅದು ಅರ್ಧ ಲೆಕ್ಕವನ್ನು ಡಿಸ್ಕಿಗೆ ಚೆಲ್ಲುತ್ತದೆ, ಅಲ್ಲೂ ಜಾಗ ಸಾಲದಿದ್ದರೆ ದೂರದ ಸಂಗ್ರಹಕ್ಕೆ ಚೆಲ್ಲುತ್ತದೆ. ಕ್ವೆರಿ ಪ್ರೊಫೈಲ್ ತೆರೆದರೆ ‘ಬೈಟ್ಸ್ ಸ್ಪಿಲ್ಡ್’ ಎಂಬ ಎರಡು ಅಂಕಿ ಕಾಣುತ್ತವೆ. ದೂರದ ಸಂಗ್ರಹದ ಅಂಕಿ ಸೊನ್ನೆಗಿಂತ ಹೆಚ್ಚಿದ್ದರೆ ಯಂತ್ರ ಹಿಗ್ಗಿಸಿ, ಇಲ್ಲವೇ ಕ್ವೆರಿಯನ್ನು ತುಂಡು ಮಾಡಿ.

ಆದರೆ ಸಂಜೆಯ ಸಮಸ್ಯೆ ಬೇರೆ. ಕುಯ್ಲಿನ ದಿನಗಳಲ್ಲಿ ಐದು ಡಿಪೊದವರೂ 5ರಿಂದ 7 ಗಂಟೆಯೊಳಗೆ ದಿನದ ಲೆಕ್ಕ ಕೇಳುತ್ತಾರೆ. ಒಂದೊಂದು ಕ್ವೆರಿಯೂ ಸಣ್ಣದೇ, ಸರತಿ ಉದ್ದ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮುಂದೆ ಹಣ್ಣಿನ ಜೀಪುಗಳು ಸಾಲು ನಿಂತಂತೆ. ಇಲ್ಲಿ ಯಂತ್ರ ದೊಡ್ಡದು ಮಾಡಿದರೆ ಹೆಚ್ಚು ಲಾಭವಿಲ್ಲ, ಅದೇ ಗಾತ್ರದ ಇನ್ನೊಂದು ಯಂತ್ರ ಪಕ್ಕದಲ್ಲಿ ಏಳಬೇಕು. ಸ್ನೋಫ್ಲೇಕಿನಲ್ಲಿ ಇದಕ್ಕೆ ಮಲ್ಟಿ-ಕ್ಲಸ್ಟರ್ ಎನ್ನುತ್ತಾರೆ. ಎಂಟರ್‌ಪ್ರೈಸ್ ಎಡಿಷನ್ ಬೇಕು, ಅದರ ಕ್ರೆಡಿಟ್ ದರವೂ ಹೆಚ್ಚು. ಸ್ಟ್ಯಾಂಡರ್ಡ್ ಎಂಬ ನೀತಿಯಲ್ಲಿ ಸರತಿ ಕಂಡ ಕೂಡಲೆ ಇನ್ನೊಂದು ಯಂತ್ರ ಏಳುತ್ತದೆ, ಎಕಾನಮಿಯಲ್ಲಿ ಕನಿಷ್ಠ 6 ನಿಮಿಷದ ಕೆಲಸ ಇದೆ ಎನಿಸಿದರೆ ಮಾತ್ರ. ಎರಡು ಗಂಟೆಯ ದಟ್ಟಣೆಗಾಗಿ ವರ್ಷಪೂರ್ತಿ ಮೇಲಿನ ಎಡಿಷನ್ನಿನ ದರ ಕೊಡುವ ಬದಲು, ಡಿಪೊಗಳ ವರದಿಯನ್ನು ಸಾರಾಂಶದ ಟೇಬಲ್ಲಿನ ಮೇಲೆ ಓಡಿಸಿದರೆ ಬಹಳ ಸಲ ಸರತಿಯೇ ಕರಗುತ್ತದೆ. ಮೊದಲು ಅದನ್ನು ಮಾಡಿ ನೋಡಿ.

ವಿಭಾಗಕ್ಕೊಂದು ಯಂತ್ರ ಇಡಿ ಎನ್ನುವ ಸಲಹೆ ಎಲ್ಲ ಕಡೆ ಕೇಳುತ್ತದೆ. ದೊಡ್ಡ ಸಂಸ್ಥೆಗೆ ಸರಿ. ಚಿಕ್ಕ ಕಚೇರಿಯಲ್ಲಿ ಆರು ಯಂತ್ರ ಇಟ್ಟರೆ ಆರೂ ಬೇರೆ ಬೇರೆ ಹೊತ್ತಿಗೆ ಎದ್ದು ಆರೂ ಖಾಲಿ ಕಾಯುತ್ತವೆ. ಡೇಟಾ ಒಳಗೆ ಹಾಕಲು ಒಂದು, ಓದಲು ಒಂದು ಸಾಕು. ಯಾರ ಖರ್ಚು ಎಷ್ಟು ಎಂದು ತಿಳಿಯಲು ಕ್ವೆರಿ ಟ್ಯಾಗ್ ಇದೆ: ಲೆಕ್ಕದವರು, ಖರೀದಿಯವರು, ಯಂತ್ರ ವಿಭಾಗ ಎಂದು ಹಣೆಪಟ್ಟಿ ಹಚ್ಚಿ ತಿಂಗಳ ಕೊನೆಗೆ ಕೂಡಿಸಿದರಾಯಿತು.

ಬೇಲಿ

ಆನೆ ದಾಟಿದ ಮೇಲೆ ಬೇಲಿ ಹಾಕಿದರೆ ಬಾಳೆ ಉಳಿಯುವುದಿಲ್ಲ. ಮೊದಲ ದಿನವೇ ಮಾಡಬೇಕಾದ ಕೆಲಸ ಇದು. ಸ್ನೋಫ್ಲೇಕಿನಲ್ಲಿ ಒಂದು ಕ್ವೆರಿ ಗರಿಷ್ಠ ಎಷ್ಟು ಹೊತ್ತು ಓಡಬಹುದು ಎಂಬ ಮಿತಿ ಮೊದಲಿಗೆ 1,72,800 ಸೆಕೆಂಡ್ ಇರುತ್ತದೆ, ಅಂದರೆ ಪೂರ್ತಿ ಎರಡು ದಿನ. ಶನಿವಾರ ಸಂಜೆ ಲಾರ್ಜ್ ಯಂತ್ರದ ಮೇಲೆ ಜೋಡಣೆ ತಪ್ಪಿದ ಕ್ವೆರಿ ಒತ್ತಿ ಮನೆಗೆ ಹೋದರೆ ಸೋಮವಾರ ಸಂಜೆಯ ಹೊತ್ತಿಗೆ 48 ಗಂಟೆಗೆ 384 ಕ್ರೆಡಿಟ್, 768 ಡಾಲರ್. ಮಿತಿಯನ್ನು 1,800 ಸೆಕೆಂಡಿಗೆ ಇಳಿಸಿ. ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುವ ಒಂದೆರಡು ಕೆಲಸಗಳಿಗೆ ಅಲ್ಲಲ್ಲೇ ಸಡಿಲಿಸಬಹುದು.

ಅದರ ಮೇಲೆ ರಿಸೋರ್ಸ್ ಮಾನಿಟರ್. ತಿಂಗಳ ಕ್ರೆಡಿಟ್ ಗೊತ್ತುಮಾಡಿ, 75 ಶೇಕಡಕ್ಕೆ ಸೂಚನೆ, 100ಕ್ಕೆ ಓಡುತ್ತಿರುವುದು ಮುಗಿದ ಮೇಲೆ ನಿಲುಗಡೆ, 110ಕ್ಕೆ ನಿಂತಲ್ಲೇ ನಿಲುಗಡೆ ಎಂದು ಇಡಿ. ಇದು ನೀವು ಹುಟ್ಟಿಸಿದ ಯಂತ್ರಗಳನ್ನು ಮಾತ್ರ ಕಾಯುತ್ತದೆ. ಸ್ನೋಪೈಪ್ (ಡೇಟಾವನ್ನು ತಾನಾಗಿ ಒಳಗೆ ಹಾಕುವುದು), ಆಟೊಮ್ಯಾಟಿಕ್ ಕ್ಲಸ್ಟರಿಂಗ್‌ನಂಥ (ಟೇಬಲ್ಲನ್ನು ತಾನಾಗಿ ಜೋಡಿಸಿಡುವುದು) ಕಂಪನಿಯ ಯಂತ್ರದಲ್ಲಿ ಓಡುವ ಸೇವೆಗಳ ಖರ್ಚು ಇದರ ಹಿಡಿತಕ್ಕೆ ಬರುವುದಿಲ್ಲ. ಅವನ್ನು ಬೇರೆಯಾಗಿ ನೋಡಬೇಕು. ಇದರ ಲೆಕ್ಕ ಹೊಸದಾಗುವುದೂ ಯುಟಿಸಿ ನಡುರಾತ್ರಿಗೆ, ನಮ್ಮ 5:30ಕ್ಕೆ.

ಗೂಗಲ್ ಕಡೆ ಬಜೆಟ್ ಅಲರ್ಟ್ ಎಂಬುದಿದೆ. ಹಲವರು ಅದನ್ನೇ ಬೇಲಿ ಎಂದು ನಂಬುತ್ತಾರೆ. ಅದು ಬರಿಯ ಎಚ್ಚರಿಕೆಯ ಗಂಟೆ, ಇಮೇಲ್ ಬರುತ್ತದೆ, ಯಾವುದೂ ನಿಲ್ಲುವುದಿಲ್ಲ. ನಿಜವಾಗಿ ತಡೆಯುವುದು ಎರಡು: ಕ್ವೆರಿಗೊಂದು ಗರಿಷ್ಠ ಬೈಟ್ ಮಿತಿ, ಮತ್ತು ಪ್ರಾಜೆಕ್ಟಿಗೂ ಬಳಕೆದಾರರಿಗೂ ದಿನದ ಕೋಟಾ. ಕ್ವೆರಿಯ ಮಿತಿ ಮೀರುವಂತಿದ್ದರೆ ಅದು ಓಡುವ ಮುಂಚೆಯೇ ಬೀಳುತ್ತದೆ, ದುಡ್ಡು ಬೀಳುವುದಿಲ್ಲ. ದಿನದ ಕೋಟಾ ಹೊಸದಾಗುವುದು ಅಮೆರಿಕದ ಪೆಸಿಫಿಕ್ ಕಾಲಮಾನದ ನಡುರಾತ್ರಿಗೆ, ಅಂದರೆ ನಮ್ಮ ಚಳಿಗಾಲದಲ್ಲಿ ಮಧ್ಯಾಹ್ನ 1:30ಕ್ಕೆ. ಬೆಳಿಗ್ಗೆ 11ಕ್ಕೆ ಕೋಟಾ ಮುಗಿದರೆ ಊಟ ಮುಗಿಸಿ ಬರುವ ತನಕ ಯಾರ ವರದಿಯೂ ಓಡದು. ಸಂಜೆಯ ದಟ್ಟಣೆಗೆ ಮಾತ್ರ ಇದು ಅನುಕೂಲ, ಅಷ್ಟು ಹೊತ್ತಿಗೆ ಕೋಟಾ ಆಗಷ್ಟೇ ತುಂಬಿರುತ್ತದೆ.

ಜಾಗದ ವಿಷಯದಲ್ಲಿ ಒಂದೇ ಎಚ್ಚರ. ಸ್ನೋಫ್ಲೇಕಿನ ಎಂಟರ್‌ಪ್ರೈಸ್ ಎಡಿಷನ್ನಿನಲ್ಲಿ ಟೈಮ್ ಟ್ರಾವೆಲ್ ಎಂಬ ಹಳೆಯ ಪ್ರತಿಯ ಅವಧಿಯನ್ನು 90 ದಿನದ ತನಕ ಏರಿಸಬಹುದು, ಅದರ ಮೇಲೆ 7 ದಿನದ ಫೇಲ್-ಸೇಫ್ (ಆಪತ್ತಿಗೆಂದು ಕಂಪನಿ ಇಟ್ಟುಕೊಳ್ಳುವ ಪ್ರತಿ). ದಿನಾ ಅಳಿಸಿ ಹೊಸದಾಗಿ ಕಟ್ಟುವ 20 ಗಿಗಾಬೈಟಿನ ಟೇಬಲ್ಲಿಗೆ ಇದನ್ನು ಹಚ್ಚಿದರೆ 97 ಹಳೆಯ ಪ್ರತಿ, 1.94 ಟೆರಾಬೈಟ್. ಇಂಥ ಟೇಬಲ್ಲನ್ನು ಟ್ರಾನ್ಸಿಯೆಂಟ್ (ತಾತ್ಕಾಲಿಕ) ಎಂದು ಕಟ್ಟಿದರೆ ಹಳೆಯ ಪ್ರತಿ ಹೆಚ್ಚೆಂದರೆ ಒಂದು ದಿನ ಇರುತ್ತದೆ, ಫೇಲ್-ಸೇಫ್ ಇರುವುದಿಲ್ಲ.

ಲೈನ್ ಹೋದಾಗ

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು, ನೆಟ್‌ವರ್ಕ್ ಬಂದು ಹೋಗುವುದು ನಮಗೆ ಹೊಸದಲ್ಲ. ಇದಕ್ಕೂ ಬಿಲ್ಲಿಗೂ ನೇರ ಸಂಬಂಧವಿದೆ. ಕ್ವೆರಿ ಓಡುವಾಗ ನಿಮ್ಮ ಲ್ಯಾಪ್‌ಟಾಪಿನ ಸಂಪರ್ಕ ಕಡಿದರೂ ಅಲ್ಲಿ ಯಂತ್ರ ನಿಲ್ಲುವುದಿಲ್ಲ. ಸ್ನೋಫ್ಲೇಕಿನಲ್ಲಿ ಸಂಪರ್ಕ ಕಡಿದ ಕ್ವೆರಿಯನ್ನು ರದ್ದು ಮಾಡುವ ಆಯ್ಕೆ ಮೊದಲಿಗೆ ಆಫ್ ಇರುತ್ತದೆ. ಲೈನ್ ಬಂದ ಮೇಲೆ ಉತ್ತರ ಕಾಣದೆ ಮತ್ತೆ ಒತ್ತಿದರೆ ಒಂದೇ ಕ್ವೆರಿ ಎರಡು, ಮೂರು ಸಲ ಜೊತೆಜೊತೆಗೆ ಓಡುತ್ತದೆ. ಆ ಆಯ್ಕೆಯನ್ನು ಆನ್ ಮಾಡಿಡಿ. ಮತ್ತೆ ಒತ್ತುವ ಮುಂಚೆ ಕ್ವೆರಿ ಹಿಸ್ಟರಿಯಲ್ಲಿ ಹಳೆಯದು ಇನ್ನೂ ಓಡುತ್ತಿದೆಯೇ ಎಂದು ನೋಡಿ.

ಡಿಪೊದಿಂದ ಡೇಟಾ ಕಳಿಸುವ ಪ್ರೋಗ್ರಾಂ ಇನ್ನೂ ಅಪಾಯ. ವಿಫಲವಾದರೆ ಪ್ರತಿ ನಿಮಿಷ ಮತ್ತೆ ಪ್ರಯತ್ನಿಸು ಎಂದು ಬರೆದಿದ್ದರೆ, ಅರ್ಧಂಬರ್ಧ ಸಿಗ್ನಲ್ಲಿನಲ್ಲಿ ಅದು ರಾತ್ರಿಯಿಡೀ ಯಂತ್ರವನ್ನು ಎಬ್ಬಿಸುತ್ತಲೇ ಇರುತ್ತದೆ. ಪ್ರತಿ ವಿಫಲತೆಗೂ ಕಾಯುವ ಹೊತ್ತು ಇಮ್ಮಡಿಯಾಗಲಿ: 1 ನಿಮಿಷ, 2, 4, 8, ಹೀಗೆ ಒಂದು ಗಂಟೆಯ ತನಕ. ಅಷ್ಟರಲ್ಲಿ ಡೇಟಾ ಡಿಪೊದ ಕಂಪ್ಯೂಟರಿನಲ್ಲೇ ಫೈಲಾಗಿ ಸೇರುತ್ತಿರಲಿ, ಲೈನ್ ಬಂದಾಗ ಒಟ್ಟಿಗೆ ಹೋಗಲಿ. ಸಾವಿರ ಪುಟ್ಟ ಫೈಲಿಗಿಂತ, ಕಂಪ್ರೆಸ್ ಮಾಡಿ ಕುಗ್ಗಿಸಿದ ಮೇಲೆ 100ರಿಂದ 250 ಮೆಗಾಬೈಟ್ ಇರುವ ಕೆಲವೇ ಫೈಲುಗಳನ್ನು ಯಂತ್ರ ಚೆನ್ನಾಗಿ ನುಂಗುತ್ತದೆ. ಪ್ರತಿ ಚೀಟಿಗೂ ಅಳತೆಗೂ ಒಂದು ಗುರುತಿನ ಸಂಖ್ಯೆ ಇರಬೇಕು, ಎರಡು ಸಲ ಬಂದದ್ದು ಒಂದೇ ಸಲ ಸೇರಬೇಕು. ಇಲ್ಲದಿದ್ದರೆ ಬೆಳೆಗಾರರೊಬ್ಬರ 50 ಮೂಟೆ ಲೆಕ್ಕದಲ್ಲಿ 100 ಆಗುತ್ತದೆ, ಅದನ್ನು ಹುಡುಕಿ ಸರಿಪಡಿಸುವ ಕ್ವೆರಿಗಳೇ ಆ ವಾರದ ದೊಡ್ಡ ಖರ್ಚಾಗುತ್ತವೆ.

ಒಂದು ವರ್ಷ, ಮೂರು ವರ್ಷದ ಒಪ್ಪಂದಕ್ಕೆ ರಿಯಾಯಿತಿ ಕೊಡುತ್ತೇವೆ ಎಂದು ಬರುವವರಿಗೆ ಡಿಸೆಂಬರ್-ಜನವರಿಯ ಅಂಕಿ ತೋರಿಸಿ ಮಾತಾಡಬೇಡಿ. 100 ಸ್ಲಾಟ್ ಬೇಕಾಗುವುದು ನಾಲ್ಕು ತಿಂಗಳಾದರೆ, ವರ್ಷದ ಒಪ್ಪಂದದಲ್ಲಿ ಉಳಿದ ಎಂಟು ತಿಂಗಳ ಬಾಡಿಗೆಯನ್ನೂ ಕಟ್ಟುತ್ತೀರಿ. ಯಾವ ರಿಯಾಯಿತಿಯೂ ಆ ಎಂಟು ತಿಂಗಳನ್ನು ತುಂಬಿಕೊಡುವುದಿಲ್ಲ. ಒಪ್ಪಂದ ಮಾಡುವುದೇ ಆದರೆ ಜುಲೈ ತಿಂಗಳ ಬಳಕೆಯಷ್ಟಕ್ಕೆ ಮಾಡಿ, ಮೇಲಿನದು ಬಿಡಿ ದರದಲ್ಲಿ ಬರಲಿ.

ಏಪ್ರಿಲಿನಲ್ಲಿ ಕೊನೆಯ ಲಾಟ್ ಹೊರಟ ಮೇಲೆ ಶೆಡ್ಯೂಲ್ ಪಟ್ಟಿ ತೆರೆದು, ಸೀಸನ್ನಿಗೆಂದು ಹಾಕಿದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸಿ. ಗೋದಾಮಿನ ತೇವದ ವರದಿ ಮಾತ್ರ ಮಳೆಗಾಲಕ್ಕೂ ಬೇಕು, ಅದನ್ನು ದಿನಕ್ಕೆರಡು ಸಲಕ್ಕೆ ಇಳಿಸಿ. ಆಮೇಲೆ ಒಂದು ದಿನ ಬಿಟ್ಟು ಸ್ನೋಫ್ಲೇಕಿನ ವೇರ್‌ಹೌಸ್ ಮೀಟರಿಂಗ್ ಹಿಸ್ಟರಿ ನೋಡಿ. ಅದು 3 ಗಂಟೆಯ ತನಕ ತಡವಾಗಿ ತುಂಬುತ್ತದೆ, ಹಾಗಾಗಿ ಅಂದೇ ನೋಡಿದರೆ ಪೂರ್ತಿ ಇರದು. ಯಂತ್ರಕ್ಕೆ ಗಂಟೆಗೊಂದು ಸಾಲು ಇರುತ್ತದೆ. ರಾತ್ರಿ 2 ಗಂಟೆಯ ಸಾಲಿನಲ್ಲಿ ಕ್ರೆಡಿಟ್ ಕಂಡರೆ ಯಾವುದೋ ಪರದೆಯೋ ಪ್ರೋಗ್ರಾಮೋ ಇನ್ನೂ ಆ ಯಂತ್ರವನ್ನು ಎಬ್ಬಿಸುತ್ತಿದೆ. ಅದೇ ಗಂಟೆಯ ಕ್ವೆರಿ ಹಿಸ್ಟರಿಯಲ್ಲಿ ಬಳಕೆದಾರರ ಹೆಸರೂ ಟ್ಯಾಗೂ ಸಿಗುತ್ತವೆ.